ಗುಂಡಿ

ಮಾಲ್ದಾರೆ ದಾಟಿ ಒಂದೂವರೆ ಕಿಲೋಮೀಟರು,
ತೋಟದ ಬೇಲಿಗೆ ಬೆನ್ನು ಕೊಟ್ಟು ನಿಂತಿದೆ ನಮ್ಮ ಶಾಲೆ.
ಎರಡು ಕೋಣೆ, ಒಂದು ಅಡುಗೆಮನೆ,
ಇಪ್ಪತ್ತಮೂರು ಮಕ್ಕಳು, ನಾನು,
ಸೌಟು ಹಿಡಿದ ಹೂವಕ್ಕ.

ಏಳು ಗಂಟೆಗೇ ಮೊಬೈಲು ಕೂಗುತ್ತದೆ:
'ಒಂಟಿ ಸಲಗ, ಕೆರೆ ಕೆಳಗಿನ ಬ್ಲಾಕಿನಲ್ಲಿ.'
ವಾಚರ್ ಜಡಿಯ ಲೈನುಮನೆಯ ಮಕ್ಕಳನ್ನು ಸಾಲು ಮಾಡಿ
ಜೇಬಿನಲ್ಲಿ ಪಟಾಕಿ ಇಟ್ಟುಕೊಂಡು ಕರೆತರುತ್ತಾನೆ.
ಗೇಟಿನಲ್ಲಿ ನಾನು ತಲೆ ಎಣಿಸುತ್ತೇನೆ.
ಸಂಜೆ ಮತ್ತೆ ಎಣಿಸಿ
ಯಾರು ಯಾರ ಜೊತೆ ಹೋದರೆಂದು ಬರೆದಿಡುತ್ತೇನೆ.
ಎಣಿಸುವುದು ಬಂದರೆ ಟೀಚರ ಕೆಲಸ ಅರ್ಧ ಬಂದಂತೆ
ಎಂದುಕೊಂಡಿದ್ದೆ, ಹೋದ ಜೂನ್ ತನಕ.

ಬಾಗಿಲ ಬಳಿ ಇಲಾಖೆಯ ಪೆಟ್ಟಿಗೆ,
ಕೆಂಪು ತಗಡು, ಪುಟ್ಟ ಬೀಗ,
'ಮಕ್ಕಳೇ, ನಿಮ್ಮ ಮಾತು ಇಲ್ಲಿ ಹಾಕಿ.'
ಶನಿವಾರ ತೆರೆದರೆ ಸಿಗುವುದು ಇಷ್ಟೇ:
'ಸುಹೈಲ್ ನನ್ನ ರಬ್ಬರ್ ಕದ್ದ.'
'ಸಾಂಬಾರಿಗೆ ಬದನೆಕಾಯಿ ಬೇಡ.'
(ಹೂವಕ್ಕನಿಗೆ ಓದಿ ಹೇಳಿದೆ.
ಸೋಮವಾರವೂ ಬದನೆಯೇ.)

ಆ ಶನಿವಾರ ಚೀಟಿ ಇರಲಿಲ್ಲ.
ಒಂದು ಗುಂಡಿ ಇತ್ತು.
ನೀಲಿ. ನಾಲ್ಕು ತೂತು. ತೂತಿನಲ್ಲಿ ದಾರ,
ದಾರದ ತುದಿಗೆ ಬಟ್ಟೆಯ ಚೂರು.
ತಾನಾಗಿ ಉದುರಿದ ಗುಂಡಿ
ಬಟ್ಟೆಯನ್ನು ಜೊತೆಗೆ ತರುವುದಿಲ್ಲ.

ಸೋಮವಾರ ಪ್ರಾರ್ಥನೆಯಲ್ಲಿ ಕೊರಳುಗಳನ್ನೇ ನೋಡಿದೆ.
ಎಂಟು ಅಂಗಿಗೆ ಗುಂಡಿಯಿಲ್ಲ,
ಒಂದಕ್ಕೆ ಪಿನ್ನು, ಒಂದಕ್ಕೆ ಬಾಳೆನಾರಿನ ಗಂಟು.
ಎತ್ತಿ ಹಿಡಿದು 'ಯಾರದು ಇದು?' ಎನ್ನಬಹುದಿತ್ತು.
ಎನ್ನಲಿಲ್ಲ. ಎಲ್ಲರೆದುರು ಕೇಳಿದರೆ
ಕೆಲವು ವಸ್ತು ಯಾರದೂ ಅಲ್ಲವಾಗಿಬಿಡುತ್ತದೆ.

ಸಿದ್ದಾಪುರದಿಂದ ಸೂಜಿ ದಾರ ತಂದೆ.
ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಕೂತು
ಒಬ್ಬೊಬ್ಬರನ್ನೇ ಕರೆದೆ.
ಹೂವಕ್ಕ ಪಾತ್ರೆ ತೊಳೆಯುತ್ತಿದ್ದಳು,
ನಮ್ಮನ್ನು ಕಾಣುವಷ್ಟು ಹತ್ತಿರ, ಕೇಳದಷ್ಟು ದೂರ.
ಬೊಳಕನ ಗುಂಡಿಯನ್ನು ಆಡು ತಿಂದಿತ್ತಂತೆ.
ಜಹಿದುಲನದು ಅಸ್ಸಾಮಿನಲ್ಲೇ ಬಿದ್ದಿತ್ತಂತೆ, ರೈಲು ಹತ್ತುವಾಗ.
ಎಲ್ಲ ಕೇಳಿದೆ, ಎಲ್ಲ ಹೊಲಿದೆ.

ನಾಲ್ಕನೆಯ ದಿನ ಕರ್ಪಿ. ಎರಡನೆಯ ಕ್ಲಾಸು,
ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲ.
ನನ್ನ ಅಂಗೈಯ ನೀಲಿ ನೋಡಿ
'ಇದನ್ನೇ ಹಾಕಿ' ಅಂದಳು.
ಸೂಜಿ ಒಳಗೆ, ಸೂಜಿ ಹೊರಗೆ.
ಮುಖ ನೋಡಲಿಲ್ಲ ನಾನು, ಗುಂಡಿ ನೋಡಿದೆ.
ಮೂರನೆಯ ತೂತಿಗೆ ಬಂದಾಗ ಹೇಳತೊಡಗಿದಳು.
ಗಂಟು ಹಾಕಬೇಕಾದಲ್ಲಿ ಹಾಕದೆ
ಹೊಲಿಯುತ್ತಲೇ ಇದ್ದೆ, ಹೊಲಿಯುತ್ತಲೇ;
ಅಂಗಿ ಹರಿದರೂ ಆ ಗುಂಡಿ ಇನ್ನು ಕೀಳಲಾರದು.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.
ಅದು ಅವಳದು.
'ಯಾರಿಗೂ ಹೇಳಬೇಡಿ ಟೀಚರ್.'
ಸುಳ್ಳು ಭಾಷೆ ಕೊಡಲು ಬಾಯಿ ಬರಲಿಲ್ಲ.
'ಹೇಳಲೇಬೇಕಾದವರಿಗೆ ಹೇಳುತ್ತೇನೆ,
ನಿನಗೆ ಗೊತ್ತಿಲ್ಲದೆ ಹೇಳುವುದಿಲ್ಲ.'
ಗೋಡೆಯ ಮೇಲೆ ಹಳದಿ ಬಣ್ಣದ ನಾಲ್ಕು ಅಂಕಿ,
ಹತ್ತು ತೊಂಬತ್ತೆಂಟು,
ಆರು ವರ್ಷದಿಂದ ಮಗ್ಗಿಯ ಪಕ್ಕದಲ್ಲಿತ್ತು.
ಮೊದಲ ಸಲ ನನ್ನ ಬೆರಳು ಅದನ್ನು ಒತ್ತಿತು,
ಒಂದು ಸಲ ತಪ್ಪಾಗಿ.

ಮಡಿಕೇರಿಯಿಂದ ಒಬ್ಬಾಕೆ ಬಂದು
ಅವಳ ಪಕ್ಕ ನೆಲದ ಮೇಲೆ ಕೂತರು.
ತೋಟದ ರೈಟರು ಗೇಟಿಗೆ ಬಂದು
'ಸಣ್ಣ ವಿಷಯ ಟೀಚರೇ, ದೊಡ್ಡದು ಮಾಡಬೇಡಿ' ಅಂದರು.
ಏಳು ವರ್ಷದ ಕೊರಳಿನ ಅಳತೆಯ ವಿಷಯ.
ಹೌದು, ಸಣ್ಣದೇ.

ಸಲಗಕ್ಕೆ ರೇಡಿಯೋ ಪಟ್ಟಿ ಕಟ್ಟಿದ್ದಾರೆ.
ಅದು ಎಲ್ಲಿ ನೀರು ಕುಡಿಯಿತು, ಎಲ್ಲಿ ಹಲಸು ಕೆಡವಿತು,
ಇಡೀ ಊರಿಗೆ ಗೊತ್ತು.
ಮನುಷ್ಯ ಎಲ್ಲಿದ್ದಾನೆಂದು
ಮೆಸೇಜು ಬರುವುದಿಲ್ಲ ಬೆಳಿಗ್ಗೆ ಏಳಕ್ಕೆ.

ಕರ್ಪಿ ಈಗ ಅಜ್ಜಿಯ ಹಾಡಿಯಿಂದ ಬರುತ್ತಾಳೆ,
ಜಡಿಯನ ಸಾಲಿನಲ್ಲಿ ಎರಡನೆಯವಳು.
ಮಾತು ಕಡಿಮೆ. ಮೊನ್ನೆ ಬದನೆಕಾಯಿ ಬೇಡವೆಂದು
ಬಾಯಿಬಿಟ್ಟೇ ಹೇಳಿದಳಂತೆ;
ಹೂವಕ್ಕ ಕಣ್ಣೊರೆಸಿಕೊಂಡು ಮೊಟ್ಟೆ ಹಾಕಿದಳು.

ಕಳೆದ ಶನಿವಾರ ಪೆಟ್ಟಿಗೆಯಲ್ಲಿ
ಕಾಗದದಲ್ಲಿ ಸುತ್ತಿದ ಒಂದು ಹಲ್ಲು.
ಎದೆ ಧಸಕ್ಕೆಂದಿತು.
ಸೋಮವಾರ ಎಲ್ಲರಿಂದ 'ಈ' ಅನ್ನಿಸಿದೆ.
ಬೊಳಕ ಕಿಂಡಿ ತೋರಿಸಿ ನಕ್ಕ:
'ಹಾಲುಹಲ್ಲು ಟೀಚರ್, ತಾನೇ ಬಿತ್ತು.
ಮನೇಲಿ ಇಡೋಕೆ ಜಾಗ ಇರಲಿಲ್ಲ,
ನೀವಾದ್ರೆ ಇಟ್ಕೋತೀರಿ ಅಂತ.'

ಇಟ್ಟುಕೊಂಡಿದ್ದೇನೆ.